ಹಿಂದಿನಿಂದ ಕರೆಯುವ ಅಜ್ಜಿ

ಕೋಟೇಶ್ವರದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಊರಿನಲ್ಲಿ ಯಾರಿಗೆ ಮದುವೆ ಗೊತ್ತಾಯಿತು, ಯಾರು ಪಂಚಾಯತಿಗೆ ನಿಂತರು, ಯಾರು ತೀರಿಕೊಂಡರು ಎಂಬುದೆಲ್ಲ ಉಳಿದವರಿಗಿಂತ ಮೊದಲು ನನಗೆ ತಿಳಿಯುತ್ತದೆ. ಈ ದಂಧೆಯಲ್ಲಿ ನಾನು ಕಲಿತದ್ದು ಇಷ್ಟೇ: ಮನುಷ್ಯನಿಗೆ ಒಂದು ಹೊತ್ತಿನ ಊಟ ತಪ್ಪಿದರೂ ನಡೆಯುತ್ತದೆ, ಹೆದ್ದಾರಿಯ ಬದಿಯಲ್ಲಿ ಕೈಮುಗಿದು ನಿಂತ ತನ್ನ ಫೋಟೋ ತಪ್ಪಬಾರದು. ಆ ಕೈಮುಗಿದ ಫೋಟೋ ಬಹಳ ಉಪಕಾರಿ. ಶುಭಾಶಯಕ್ಕೂ ಆಗುತ್ತದೆ, ಶ್ರದ್ಧಾಂಜಲಿಗೂ ಆಗುತ್ತದೆ. ಕೆಳಗಿನ ಅಕ್ಷರ ಬದಲಿಸಿದರೆ ಮುಗಿಯಿತು.

ಅಕ್ಷರ ಬದಲಿಸುವ ಕೆಲಸ ದಿವ್ಯಾಳದ್ದು. ಬೀಜಾಡಿಯ ಹುಡುಗಿ. ಅವಳ ಅಮ್ಮ ಜಲಜಕ್ಕ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಾರೆ. ಅಪ್ಪ ಕಡಲಿಗೆ ಹೋದವರು ಮರಳಿ ಬರಲಿಲ್ಲ. ದಿವ್ಯಾ ಆಗ ಹೈಸ್ಕೂಲಿನಲ್ಲಿದ್ದಳು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ನನ್ನ ಅಂಗಡಿಯಲ್ಲಿ ಯಾರೂ ಬಹಳ ದಿನ ನಿಲ್ಲುವುದಿಲ್ಲ. ಇವಳು ನಿಂತಳು. ಕೆಲಸ ಮುಗಿದ ಮೇಲೆ ನನ್ನ ಕಂಪ್ಯೂಟರಿನಲ್ಲಿ ಆಟ ಆಡಲು ನಾನು ಬಿಡುತ್ತಿದ್ದದ್ದೇ ಅದಕ್ಕೆ ಕಾರಣ.

ಆಟದ ಹೆಸರು ‘ಓಶನ್ ಓತ್’. ಅದರ ನಾಲ್ಕು ಭಾಗ ಬಂದಿದ್ದವು. ಪ್ರತಿ ಭಾಗದಲ್ಲೂ ಗಡ್ಡದ ನಾಯಕನೊಬ್ಬ ಹಡಗು ಹತ್ತಿ ಹೋಗಿ ಒಂದಷ್ಟು ಜನರನ್ನು ಕೊಂದು ಬರುತ್ತಾನೆ. ಕೊಲ್ಲಲು ಇನ್ನೂ ಜನ ಉಳಿದಿರುವುದರಿಂದ ಮುಂದಿನ ಭಾಗ ಬರುತ್ತದೆ. ದಿವ್ಯಾಳಿಗೆ ಆ ನಾಯಕ ಬೇಕಾಗಿರಲಿಲ್ಲ. ಬಂದರಿನಲ್ಲಿ ಬಲೆ ಹೊಲಿಯುತ್ತ ಕೂತಿರುವ ಒಬ್ಬ ಮುದುಕಿಗಾಗಿ ಅವಳು ಆಡುತ್ತಿದ್ದಳು. ಆಟದಲ್ಲಿ ಆ ಮುದುಕಿಯ ಹೆಸರು ಬ್ರೆನ್ನಾ, ನಮ್ಮಲ್ಲಿ ಎಲ್ಲರ ಬಾಯಲ್ಲೂ ಅಜ್ಜಿ. ನಾಯಕ ಹಡಗಿನ ಕಡೆ ಹೆಜ್ಜೆ ಇಟ್ಟಾಗಲೆಲ್ಲ ಅಜ್ಜಿ ಹಿಂದಿನಿಂದ ಕರೆಯುತ್ತಾಳೆ. ಗಾಳಿ ನೋಡಿದೆಯಾ, ಉಂಡೆಯಾ, ಯಾವಾಗ ಬರುತ್ತೀ ಎಂದು ಗದರುತ್ತಾಳೆ. ಉಳಿದವರು ಗುಂಡಿ ಒತ್ತಿ ಆ ಮಾತನ್ನು ಹಾರಿಸುತ್ತಾರಂತೆ. ದಿವ್ಯಾ ನಿಂತು ಪೂರ್ತಿ ಕೇಳುತ್ತಿದ್ದಳು.

ಕಡಲ ಬದಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲಿಗೆ ಹೊರಟವರನ್ನು ಹಿಂದಿನಿಂದ ಕರೆಯಬಾರದು. ಬುತ್ತಿ ಮರೆತು ಹೋದರೂ ಓಡಿಹೋಗಿ ಎದುರಿಗೆ ನಿಂತು ಕೊಡಬೇಕೇ ಹೊರತು ಕೂಗಬಾರದು. ದಿವ್ಯಾಳ ಅಪ್ಪ ಹೊರಟ ಬೆಳಿಗ್ಗೆ ಪಡುವಣದಲ್ಲಿ ಮೋಡ ಕಟ್ಟಿತ್ತು. ಜಲಜಕ್ಕ ಬಾಗಿಲಲ್ಲಿ ನಿಂತಿದ್ದರು, ನಾಲಿಗೆಯ ತುದಿಗೆ ಬಂದ ಮಾತನ್ನು ಅಪಶಕುನವೆಂದು ನುಂಗಿಕೊಂಡರು. ದಿವ್ಯಾ ಇದನ್ನು ನನಗೆ ಒಮ್ಮೆ ಹೇಳಿದ್ದಳು. ಅಮ್ಮನ ಹತ್ತಿರ ಆ ಮಾತು ಎತ್ತಬೇಡಿ ಎಂದೂ ಹೇಳಿದ್ದಳು.

ಐದನೇ ಭಾಗ ಬರುವ ಮೊದಲು ಆಟದ ಕಂಪನಿಯವರು ಅಭಿಮಾನಿಗಳಿಗೆಂದು ಒಂದು ಆ್ಯಪ್ ಬಿಟ್ಟರು. ಅದರಲ್ಲಿ ಆಟ ಆಡಲಿಕ್ಕಿಲ್ಲ. ಆಟ ಆಡದ ಹೊತ್ತಿನಲ್ಲಿಯೂ ಆಟವನ್ನೇ ನೆನೆಯುತ್ತಿರಲಿ ಎಂದು ಮಾಡಿದ್ದು. ದಿನಾ ಹಾಜರಿ ಹಾಕಬೇಕು, ರಸಪ್ರಶ್ನೆಗೆ ಉತ್ತರಿಸಬೇಕು, ಆಟದ ಪಾತ್ರಗಳಲ್ಲಿ ಒಬ್ಬರನ್ನು ಜೊತೆಗಾರರೆಂದು ಆರಿಸಿಕೊಳ್ಳಬೇಕು. ಫೋನು ಕಿಸೆಯಲ್ಲಿಟ್ಟುಕೊಂಡು ನೀವು ಹೋದಲ್ಲೆಲ್ಲ ಆ ಜೊತೆಗಾರನ ಪುಟ್ಟ ಗೊಂಬೆ ಪರದೆಯ ಮೇಲೆ ನಡೆಯುತ್ತದೆ. ಹೋದ ದೂರಕ್ಕೆ ತಕ್ಕಂತೆ ಉಪ್ಪು ಸಿಗುತ್ತದೆ. ಉಪ್ಪೆಂದರೆ ಅಲ್ಲಿ ಅಂಕ. ಮಾತೆಲ್ಲ ಇಂಗ್ಲಿಷಿನಲ್ಲಿ, ಬರಹ ಮಾತ್ರ ಕನ್ನಡದಲ್ಲಿಯೂ ಇತ್ತು, ಯಾವುದೋ ಯಂತ್ರದ ಬಾಯಿಂದ ಬಂದ ಕನ್ನಡ. ‘ಆತ್ಮೀಯ ನಾವಿಕರೇ, ತಮ್ಮ ಹಾಜರಾತಿಯು ಅಪೇಕ್ಷಿತವಾಗಿದೆ’ ಎಂದು ಬೆಳಿಗ್ಗೆ ಬೆಳಿಗ್ಗೆ ಕೋರ್ಟಿನ ನೋಟಿಸಿನ ಹಾಗೆ ಬರುತ್ತಿತ್ತು.

ಒಂದು ದಿನ ಆ ಆ್ಯಪಿನಲ್ಲಿ ಸುದ್ದಿ ಬಂತು. ಬಂದರಿನಲ್ಲಿರುವ ನಾಲ್ಕು ಪಾತ್ರಗಳಲ್ಲಿ ಒಬ್ಬರು ಐದನೇ ಭಾಗದ ಆರಂಭದಲ್ಲೇ ಕಡಲಿನಲ್ಲಿ ಮುಳುಗಿ ಸಾಯುತ್ತಾರೆ. ಯಾರು ಎಂದು ನಿರ್ಧರಿಸುವುದು ಅಭಿಮಾನಿಗಳ ಉಪ್ಪು. ನಿಮಗೆ ಪ್ರೀತಿಯ ಪಾತ್ರದ ಹೆಸರಿಗೆ ನಿಮ್ಮ ಉಪ್ಪು ಹಾಕಿ. ಆ ನಾಲ್ವರಲ್ಲಿ ಅಜ್ಜಿಯೂ ಇದ್ದಳು.

ಅವತ್ತು ದಿವ್ಯಾ ನಾಮಕರಣದ ಫ್ಲೆಕ್ಸಿನಲ್ಲಿ ಮಗುವಿನ ಫೋಟೋಕ್ಕೆ ಅಜ್ಜನ ಹೆಸರು ಹಾಕಿದಳು. ನಾನು ಬೈದೆ. ಅವಳು ಫೋನು ತೋರಿಸಿದಳು. ಆಟದ ಮುದುಕಿ ಸತ್ತರೆ ಎಂತ ಎಂದು ಕೇಳಬೇಕೆಂದಿದ್ದೆ, ಅವಳ ಮುಖ ನೋಡಿ ಕೇಳಲಿಲ್ಲ. ಹೆಚ್ಚು ಉಪ್ಪು ಬಿದ್ದವರು ಉಳಿಯುತ್ತಾರೆ ತಾನೇ ಎಂದೆ. ಅವಳೂ ಹಾಗೇ ತಿಳಿದುಕೊಂಡಿದ್ದಳು. ಹೆಚ್ಚು ಓಟು ಬಿದ್ದವರು ಗೆಲ್ಲುತ್ತಾರೆ ಎಂದು ನಾವೆಲ್ಲ ಪಂಚಾಯತಿ ಚುನಾವಣೆಯಿಂದ ತಿಳಿದವರು. ಕಂಪನಿಯವರು ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ ಎಂಬುದು ಯಾರ ತಲೆಗೂ ಹೋಗಲಿಲ್ಲ.

ಬೀಜಾಡಿಯಲ್ಲಿ ಈ ಆಟದ ಮರುಳರು ಹತ್ತಿಪ್ಪತ್ತು ಮಂದಿ ಇದ್ದರು, ದೋಣಿಗೆ ಹೋಗುವ ಹುಡುಗರೇ ಹೆಚ್ಚು. ಆ್ಯಪಿನಲ್ಲಿ ಗುಂಪು ಕಟ್ಟಿದರೆ ಅದನ್ನು ಹಡಗು ಎನ್ನುತ್ತಾರೆ. ಹಡಗಿಗೆ ದುಪ್ಪಟ್ಟು ಉಪ್ಪು. ದಿವ್ಯಾ ಅವರನ್ನೆಲ್ಲ ಸೇರಿಸಿ ಒಂದು ಹಡಗು ಮಾಡಿದಳು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನಮ್ಮಲ್ಲಿ ನಾಲ್ಕು ಜನ ಒಂದೇ ಕಡೆ ನಿಂತರೆ ಐದನೆಯವನು ಅಧ್ಯಕ್ಷನಾಗಲು ಬಂದೇ ಬರುತ್ತಾನೆ. ಬಂದದ್ದು ಹಾರ್ಡ್‌ವೇರ್ ಅಂಗಡಿಯ ಸುಧಾಕರ. ಕ್ರಿಕೆಟ್ ಕ್ಲಬ್ಬು, ರಿಕ್ಷಾ ನಿಲ್ದಾಣದ ಸಮಿತಿ, ಹಳೆ ವಿದ್ಯಾರ್ಥಿ ಸಂಘ ಎಲ್ಲದಕ್ಕೂ ಅಧ್ಯಕ್ಷನಾಗಿ ಮುಗಿಸಿದ್ದ, ಕೈ ಖಾಲಿ ಇತ್ತು. ನೀನು ಆಟ ಆಡಿದ್ದೀಯಾ ಎಂದು ನಾನೇ ಕೇಳಿದೆ.

“ಆಡುಕ್ ನಂಗೆ ಬತ್ತಿಲ್ಲೆ ಮಾರಾಯ,” ಎಂದ. “ಅಧ್ಯಕ್ಷ ಆಪುಕೆ ಆಟ ಎಂತಕೆ ಬಪ್ಕ್?”

ಅಧ್ಯಕ್ಷನಾಗಲು ಆಟ ಯಾಕೆ ಬರಬೇಕು, ಮಾತು ಸರಿಯಾಗಿಯೇ ಇತ್ತು. ಹಡಗು ಅಭಿಮಾನಿ ಬಳಗವಾಯಿತು, ಬಳಗಕ್ಕೆ ಗೌರವಾಧ್ಯಕ್ಷರು, ಉಪಾಧ್ಯಕ್ಷರು, ಸಾಂಸ್ಕೃತಿಕ ಕಾರ್ಯದರ್ಶಿ ಎಲ್ಲ ಆದರು. ಆ್ಯಪಿನ ಹಡಗಿನಲ್ಲಿ ಕ್ಯಾಪ್ಟನ್ ಒಬ್ಬನಿಗೇ ಜಾಗ. ಅದಕ್ಕೆ ಜಗಳವಾಗಿ, ಕೊನೆಗೆ ಫ್ಲೆಕ್ಸಿನಲ್ಲಿ ಎಲ್ಲರ ಹೆಸರಿನ ಹಿಂದೆಯೂ ಕ್ಯಾಪ್ಟನ್ ಎಂದು ಹಾಕಿಸಿದರು. ಹಡಗಿಗೆ ‘ಓಶನ್ ಓತ್ ಅಭಿಮಾನಿ ಬಳಗ (ರಿ.) ಬೀಜಾಡಿ-ಕೋಟೇಶ್ವರ’ ಎಂದು ಹೆಸರಿಡಲು ಹೋದರು; ಆ್ಯಪಿನಲ್ಲಿ ಅಷ್ಟು ಜಾಗವಿಲ್ಲದೆ ‘ಓಶನ್ ಓತ್ ಅಭಿಮಾನಿ ಬ’ ಎಂದು ನಿಂತಿತು. ಪ್ರಪಂಚದ ಪಟ್ಟಿಯಲ್ಲಿ ನಾವು ಇವತ್ತಿಗೂ ಆ ಹೆಸರಿನಿಂದಲೇ ಇದ್ದೇವೆ.

ಉಪ್ಪು ಕೂಡಿಸುವ ಉಪಾಯ ಹೊಳೆದದ್ದೂ ಸುಧಾಕರನಿಗೇ. ನಡೆದು ಹೋಗಬೇಕೆಂದು ಆ್ಯಪ್ ಎಲ್ಲಿಯೂ ಹೇಳಿರಲಿಲ್ಲ, ಫೋನು ಚಲಿಸಿದರೆ ಸಾಕಿತ್ತು. ಮತ್ತೆ ನಮ್ಮ ಬದಿಯಲ್ಲಿ ಬಸ್ಸಿನ ಕಂಡಕ್ಟರನ ಕೈಗೆ ಏನು ಕೊಡುವುದಿಲ್ಲ ಹೇಳಿ. ಆಸ್ಪತ್ರೆಯಲ್ಲಿರುವವರಿಗೆ ಗಂಜಿ, ತಂಗಿಯ ಮನೆಗೆ ಪತ್ರೊಡೆ, ಮರೆತುಹೋದ ಕನ್ನಡಕ, ಮದುವೆಯ ಕಾಗದ. ಶಿರೂರಿನಿಂದ ಬ್ರಹ್ಮಾವರಕ್ಕೆ ಹೋಗಿ ಬರುವ ಬಸ್ಸಿನಲ್ಲಿ ಮಂಜ ಕಂಡಕ್ಟರು. ಬೆಳಿಗ್ಗೆ ಕೋಟೇಶ್ವರದಲ್ಲಿ ಅವನ ಕೈಗೆ ಫೋನು ಕೊಡುವುದು, ಸಂಜೆ ಅವನ ಕೈಯಿಂದ ತೆಗೆದುಕೊಳ್ಳುವುದು ಎಂದಾಯಿತು. ಜಲಜಕ್ಕನಿಂದ ಮೀನಿನ ಹಳೆಯ ಥರ್ಮಕೋಲ್ ಪೆಟ್ಟಿಗೆ ತಂದು, ಫೋನುಗಳನ್ನೆಲ್ಲ ಅದರಲ್ಲಿ ತುಂಬಿ ಡ್ರೈವರನ ಪಕ್ಕ ಇಟ್ಟರು.

ಹೀಗೆ ಸದಾ ಜೊತೆಗಿರಲಿ ಎಂದು ಮಾಡಿದ ಆ್ಯಪು ಬೀಜಾಡಿಯವರನ್ನು ಅವರ ಫೋನಿನಿಂದಲೇ ಬಿಡಿಸಿತು. ಹುಡುಗರು ಬಲೆ ಹಾಕುತ್ತ ಕಡಲಲ್ಲಿ, ಅವರ ಫೋನು ಬಂಗುಡೆಯ ವಾಸನೆ ಹಿಡಿದು ಹೆದ್ದಾರಿಯಲ್ಲಿ. ಪರದೆಯ ಮೇಲೆ ಅಜ್ಜಿ ಕೋಲೂರಿಕೊಂಡು ಮರವಂತೆಯನ್ನು ಅಂಬುಲೆನ್ಸಿನ ವೇಗದಲ್ಲಿ ದಾಟುತ್ತಿದ್ದಳು. ಕರೆಗಳನ್ನೆಲ್ಲ ಮಂಜನೇ ಎತ್ತುತ್ತಿದ್ದ. ಯಾರ ಮನೆಯಲ್ಲಿ ಗ್ಯಾಸ್ ಮುಗಿದಿದೆ, ಯಾರ ನಾದಿನಿ ಮುನಿಸಿಕೊಂಡಿದ್ದಾಳೆ ಎಲ್ಲ ಅವನಿಗೆ ಗೊತ್ತಾಗತೊಡಗಿತು. ಸುಧಾಕರನ ಹೆಂಡತಿ ಕುಸುಮ ಒಮ್ಮೆ ಗಂಡನಿಗೆ ಫೋನು ಮಾಡಿದರೆ ಮಂಜ ಎತ್ತಿದ.

“ಹ್ವಾಯ್, ನಿಮ್ಮನಿಯವ್ರ್ ಎಲ್ಲಿದ್ರೋ ನಂಗೊತ್ತಿಲ್ಲೆ,” ಎಂದನಂತೆ. “ಫೋನ್ ಮಾತ್ರ ಬೈಂದೂರಂಗ್ ಇತ್ತ್.”

ಸುಧಾಕರ ಆ ಹೊತ್ತಿಗೆ ಮನೆಯ ಒಳಗಿನ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದ. ಬೈಂದೂರಿನಲ್ಲಿ ಎಂತ ಕೆಲಸ ಎಂದು ಎಬ್ಬಿಸಿ ಕೇಳಿದರಂತೆ. ಮನೆಯಲ್ಲೇ ಮಲಗಿದ್ದ ಗಂಡನ ಮೇಲೆ ಸಂಶಯಪಟ್ಟದ್ದು ನಮ್ಮ ತಾಲೂಕಿನಲ್ಲಿ ಅದೇ ಮೊದಲಿರಬೇಕು.

ದಿವ್ಯಾ ಮಾತ್ರ ತನ್ನ ಫೋನು ಕೊಡಲಿಲ್ಲ. ಬಳಗದವರು ಒತ್ತಾಯ ಮಾಡಿದರು, ನಾನೂ ಹೇಳಿದೆ. ಅಜ್ಜಿಯನ್ನು ಉಳಿಸಬೇಕೆಂದು ಹೊರಟವಳು ನೀನೇ, ನೀನೇ ಹೀಗೆ ಮಾಡಿದರೆ ಹೇಗೆ ಎಂದೆ.

“ಅಜ್ಜಿ ಬಸ್ಸಂಗ್ ಹೋಪುದಲ್ಲ ಗೋಪಿಯಣ್ಣ,” ಎಂದಳು. “ನನ್ನೊಟ್ಟಿಗೆ ನಡ್ಕಂಡೇ ಬಪ್ದ್.”

ದಿನಾ ಸಂಜೆ ಅಂಗಡಿಯಿಂದ ಬೀಜಾಡಿಗೆ ರಿಕ್ಷಾ ಬಿಟ್ಟು ನಡೆದೇ ಹೋಗುತ್ತಿದ್ದಳು. ಅಂಗಡಿಯಿಂದ ಹೊರಗೆ ಕಾಲಿಡುವಾಗ ಫೋನಿನಿಂದ ಅಜ್ಜಿಯ ಗದರಿಕೆ ಕೇಳುತ್ತಿತ್ತು. ಇವಳು ನಿಂತು, ಹೂಂ ಎಂದು, ಮುಂದೆ ಹೋಗುತ್ತಿದ್ದಳು. ನನಗೆ ನಗು ಬರುತ್ತಿತ್ತು. ಆಮೇಲೆ ಆಮೇಲೆ ಬರಲಿಲ್ಲ.

ಬಸ್ಸಿನ ಪ್ರತಾಪದಿಂದ ನಮ್ಮ ಹಡಗು ಪಟ್ಟಿಯಲ್ಲಿ ಮೇಲೇರಿತು. ದೊಡ್ಡ ದೊಡ್ಡ ನಗರಗಳ ಹಡಗುಗಳೆಲ್ಲ ಹಿಂದೆ ಬಿದ್ದವು. ಕಂಪನಿಗೆ ಆಶ್ಚರ್ಯವಾಯಿತು. ಸಮುದ್ರದ ದಂಡೆಯಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಒಬ್ಬ ಮುದುಕಿಗಾಗಿ ಉತ್ತರದಿಂದ ದಕ್ಷಿಣಕ್ಕೆ, ದಕ್ಷಿಣದಿಂದ ಉತ್ತರಕ್ಕೆ ಓಡುವ ಜನ ಎಂದು ಅವರ ನಕಾಶೆಯಲ್ಲಿ ಕಂಡಿತು. ಬಸ್ಸು ಎಂದು ಅವರಿಗೆ ಯಾಕೆ ಹೊಳೆಯಲಿಲ್ಲವೋ. ನಮ್ಮ ಬಸ್ಸು ಓಡುವ ರೀತಿ ನೋಡಿದರೆ ಯಂತ್ರ ಎಂದು ಹೇಳುವುದು ಕಷ್ಟವೇ, ಒಂದು ಕಡೆ ಹಾರುತ್ತದೆ, ಒಂದು ಕಡೆ ನಿಂತು ಉಸಿರು ಬಿಡುತ್ತದೆ. ಕಂಪನಿಯ ಪರವಾಗಿ ರಮ್ಯಶ್ರೀ ಎಂಬವಳು ವಿಡಿಯೋದಲ್ಲಿ ಮಾತಾಡಲು ಬರುತ್ತಾಳೆಂದು ಸುದ್ದಿ ಬಂತು.

ಮಾತಾಡಿದ್ದು ನನ್ನ ಅಂಗಡಿಯಲ್ಲೇ, ಕಂಪ್ಯೂಟರ್ ಇದ್ದದ್ದು ಅಲ್ಲಿ ತಾನೇ. ಸುಧಾಕರ ಶಾಲು ಹೊದ್ದು ಎದುರಿಗೆ ಕೂತು, ಬಳಗ ನಡೆದು ಬಂದ ದಾರಿಯನ್ನು ವಿವರಿಸಿದ. ನಡೆದದ್ದು ಮಂಜನ ಬಸ್ಸು ಎಂದು ಮಾತ್ರ ಹೇಳಲಿಲ್ಲ. ರಮ್ಯಶ್ರೀ ಎಲ್ಲದಕ್ಕೂ ವಾವ್ ಎನ್ನುತ್ತಿದ್ದಳು. ಅಷ್ಟು ವಾವ್ ನಾನು ಒಂದೇ ಕಡೆ ಕೇಳಿದ್ದು ಅವತ್ತೇ. ಆಮೇಲೆ ದಿವ್ಯಾಳನ್ನು ಕೂರಿಸಿ, ಆಟದಲ್ಲಿ ಅಷ್ಟು ಜನ ಇರುವಾಗ ಅಜ್ಜಿಯೇ ಯಾಕೆ ಎಂದು ಕೇಳಿದಳು.

 ಹೇಳಿದರೆ ಅಜ್ಜಿ ಉಳಿಯುತ್ತಾಳೇನೋ ಎಂದು ದಿವ್ಯಾ ಎಲ್ಲವನ್ನೂ ಹೇಳಿಬಿಟ್ಟಳು. ಅಪ್ಪ ಹೊರಟ ಬೆಳಿಗ್ಗೆ, ಮೋಡ, ಬಾಗಿಲಲ್ಲಿ ನಿಂತ ಅಮ್ಮ, ಯಾರೂ ಹಿಂದಿನಿಂದ ಕರೆಯದೆ ಇದ್ದದ್ದು. ಶಕುನಕ್ಕೆ ಹೆದರದೆ ಕರೆಯುವವರು ಆಟದಲ್ಲಾದರೂ ಒಬ್ಬರಿರಲಿ ಎಂದಳು. ರಮ್ಯಶ್ರೀ ಕಣ್ಣೊರೆಸಿಕೊಂಡಳು. ತುಂಬಾ ಪವರ್‌ಫುಲ್ ಎಂದಳು. ಮಧ್ಯೆ ಒಂದು ಕಡೆ ಸದ್ದು ಸರಿ ಬಂದಿಲ್ಲ, ಅಮ್ಮ ಬಾಗಿಲಲ್ಲಿ ನಿಂತದ್ದನ್ನು ಇನ್ನೊಮ್ಮೆ ಹೇಳಬಹುದಾ ಎಂದು ಕೇಳಿದಳು. ದಿವ್ಯಾ ಇನ್ನೊಮ್ಮೆ ಹೇಳಿದಳು. ಅವತ್ತು ನಾನು ಆ ಕಂಪ್ಯೂಟರಿನ ವಯರು ಕಿತ್ತು ಎಸೆಯಬೇಕಿತ್ತು, ಎಸೆಯಲಿಲ್ಲ.

ಮತದಾನ ಮುಗಿದಾಗ ಅಜ್ಜಿಗೆ ಬಿದ್ದಷ್ಟು ಉಪ್ಪು ಯಾರಿಗೂ ಬಿದ್ದಿರಲಿಲ್ಲ. ನಮ್ಮ ಬಸ್ಸೊಂದರಿಂದ ಅಷ್ಟಾಗಲಿಲ್ಲ, ಹೊರಗಿನವರೂ ಹಾಕಿದ್ದರು. ಗುಂಡಿ ಒತ್ತಿ ಮಾತು ಹಾರಿಸುತ್ತಿದ್ದವರಿಗೆಲ್ಲ ಅಜ್ಜಿ ಬೇಕಾಗಿದ್ದಳೆಂದು ಆಗ ಗೊತ್ತಾಯಿತು. ಐದನೇ ಭಾಗದ ಟ್ರೈಲರು ಬರುವ ಸಂಜೆ ಬೀಜಾಡಿಯ ಭಜನಾ ಮಂದಿರದ ಎದುರು ಪರದೆ ಕಟ್ಟಿದರು. ‘ಅಜ್ಜಿಯ ವಿಜಯೋತ್ಸವ’ ಎಂದು ನಾನು ಫ್ಲೆಕ್ಸ್ ಮಾಡಿಕೊಟ್ಟೆ. ನಡುವೆ ಅಜ್ಜಿ, ಸುತ್ತ ಕ್ಯಾಪ್ಟನ್ನರು, ಅಜ್ಜಿಗಿಂತ ತುಸು ದೊಡ್ಡದಾಗಿ ಕೈಮುಗಿದ ಸುಧಾಕರ. ದಿವ್ಯಾಳಿಗೆ ಸನ್ಮಾನವಿದ್ದುದರಿಂದ ಜಲಜಕ್ಕ ಮಡಿಕೆ ಮುರಿಯದ ಸೀರೆ ಉಟ್ಟು ಎದುರಿನ ಸಾಲಿನಲ್ಲಿ ಕೂತಿದ್ದರು. ಮಗಳು ಎಂಥದೋ ಮುದುಕಿಯನ್ನು ಉಳಿಸಿದ್ದಾಳೆ ಎಂದಷ್ಟೇ ಅವರಿಗೆ ಗೊತ್ತಿತ್ತು.

ಟ್ರೈಲರು ಶುರುವಾಯಿತು. ಬೆಳಗಿನ ಬಂದರು, ದೂರದಲ್ಲಿ ಮೋಡ. ನಾಯಕ ಕಡಲಿನಲ್ಲಿ ಸಿಕ್ಕಿಬಿದ್ದಿದ್ದಾನೆ. ಅಜ್ಜಿ ಬಲೆ ಬದಿಗಿಟ್ಟು ಏಳುತ್ತಾಳೆ, ದೀಪ ಹಿಡಿದು ಒಂದು ಸಣ್ಣ ದೋಣಿಯ ಕಡೆ ನಡೆಯುತ್ತಾಳೆ. ಒಂದು ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ದೋಣಿ ಹೋಗುತ್ತದೆ. ಅಲೆ ಏಳುತ್ತದೆ, ದೀಪ ಆರುತ್ತದೆ. ಕಪ್ಪು ಪರದೆಯ ಮೇಲೆ ಕನ್ನಡದಲ್ಲೇ ಅಕ್ಷರ ಮೂಡಿತು: ‘ಎಲ್ಲರನ್ನೂ ಕರೆದವಳನ್ನು ಯಾರೂ ಹಿಂದಿನಿಂದ ಕರೆಯಲಿಲ್ಲ.’

 ವಿಡಿಯೋ ಮುಗಿದ ಕೂಡಲೆ ಪಟಾಕಿ ಹಚ್ಚಬೇಕೆಂದು ಹೊರಗೆ ನಿಂತವರಿಗೆ ಮೊದಲೇ ಹೇಳಿಟ್ಟಿದ್ದರು, ಅವರು ಹಚ್ಚಿದರು. ಆ ಸದ್ದಿನ ನಡುವೆ ಜಲಜಕ್ಕ ಎದ್ದು ಸೆರಗು ಸರಿಮಾಡಿಕೊಂಡು ಯಾರನ್ನೂ ನೋಡದೆ ಮನೆಯ ಕಡೆ ಹೋದರು. ದಿವ್ಯಾ ಶಾಲು ಅಲ್ಲೇ ಬಿಟ್ಟು ಅಮ್ಮನ ಹಿಂದೆ ಓಡಿದಳು. ಅಷ್ಟರಲ್ಲಿ ಎಲ್ಲರ ಫೋನಿಗೂ ಆ್ಯಪಿನ ಸಂದೇಶ ಬಂತು. ತಾವು ಅತ್ಯಧಿಕವಾಗಿ ಪ್ರೀತಿಸಿದ ಪಾತ್ರದ ವಿದಾಯಕ್ಕೆ ಸಾಕ್ಷಿಯಾಗಿರಿ, ಮುಂಗಡ ಬುಕಿಂಗ್ ಆರಂಭವಾಗಿದೆ, ತಮ್ಮ ಹಡಗಿಗೆ ವಿಶೇಷ ರಿಯಾಯಿತಿ ಇದೆ.

ನಾನು ರಮ್ಯಶ್ರೀಗೆ ಫೋನು ಮಾಡಿ ಬಾಯಿಗೆ ಬಂದದ್ದು ಬೈದೆ. ಅವಳಿಗೆ ಬೇಸರವೇ ಆಗಲಿಲ್ಲ. “ಸರ್, ಜನ ತುಂಬಾ ಪ್ರೀತಿಸೋ ಪಾತ್ರ ಹೋದ್ರೇನೇ ಎಮೋಷನ್ ಬರೋದು,” ಎಂದಳು. “ಯಾರನ್ನ ತುಂಬಾ ಪ್ರೀತಿಸ್ತೀರಿ ಅಂತ ತಿಳ್ಕೊಳ್ಳೋಕೇ ಉಪ್ಪು ಇಟ್ಟಿದ್ದು. ದಿವ್ಯಾ ಅವರ ಸ್ಟೋರಿ ನಮ್ಮ ರೈಟರ್‌ಗಳಿಗೆಲ್ಲ ತುಂಬಾ ಹಿಡಿಸ್ತು.”

ಉಪ್ಪು ತಿಂದವರು ನೀರು ಕುಡಿಯಬೇಕು ಎಂಬ ಗಾದೆ ಇದೆ. ಇಲ್ಲಿ ಉಪ್ಪು ಹಾಕಿದವರೇ ಕುಡಿದರು. ಹುಡುಗರು ಸಿಟ್ಟಿನಿಂದಲೂ ದುಃಖದಿಂದಲೂ ತಮ್ಮ ತಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಅಜ್ಜಿಯ ಫೋಟೋಕ್ಕೆ ದೀಪ ಇಟ್ಟು ಓಂ ಶಾಂತಿ ಎಂದು ಹಾಕಿದರು.

ಮರುದಿನ ಬೆಳಿಗ್ಗೆ ಬೀಜಾಡಿಯ ದಂಡೆಯಲ್ಲಿ ನಡೆದದ್ದನ್ನು ಕೇಳಿದರೆ ಹೊರಗಿನವರು ನಂಬಲಿಕ್ಕಿಲ್ಲ. ಅಲ್ಲಿ ದೋಣಿ ಇಳಿಸುವ, ನಿಲ್ಲಿಸುವ ಮಾತು ಮುತ್ತ ಗುರಿಕಾರರದ್ದು. ಎಂಬತ್ತರ ಮೇಲಿನ ವಯಸ್ಸು, ಫೋನು ಮುಟ್ಟಿದವರಲ್ಲ. ದೋಣಿ ನೂಕಲು ಬಂದ ಹುಡುಗರು ಮುಖ ಇಳಿಬಿಟ್ಟು ನಿಂತಿದ್ದನ್ನು ಕಂಡು ಎಂತ ಆಯಿತೆಂದು ಕೇಳಿದರು. ಅಜ್ಜಿ ಹೋದಳು, ಕಡಲು ತೆಗೆದುಕೊಂಡು ಹೋಯಿತು ಎಂದು ಒಬ್ಬ ಹೇಳಿದ. ಹೇಳಿದವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಗುರಿಕಾರರು ಮತ್ತೊಂದು ಮಾತು ಕೇಳಲಿಲ್ಲ. ಕಡಲಿನಲ್ಲಿ ಜೀವ ಹೋದ ದಿನ ಆ ದಂಡೆಯಿಂದ ಯಾರೂ ನೀರಿಗೆ ಇಳಿಯಬಾರದು. ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿ, ದೋಣಿಗಳನ್ನು ಮೇಲಕ್ಕೆ ಎಳೆಯಿರಿ ಎಂದರು. ಎಳೆದರು. ಅಕ್ಕಪಕ್ಕದ ದಂಡೆಗಳಿಗೂ ಹೇಳಿ ಕಳಿಸಿದರು, ಅಲ್ಲಿಯವರೂ ಎಳೆದರು.

ಬಂಗುಡೆ ಹಿಂಡು ಹಿಂಡಾಗಿ ದಂಡೆಯ ಹತ್ತಿರಕ್ಕೇ ಬರುವ ಕಾಲ ಅದು. ಸುದ್ದಿ ಕೇಳಿ ಸುಧಾಕರ ಎದ್ದೆನೋ ಬಿದ್ದೆನೋ ಎಂದು ಓಡಿಬಂದ, ನಾನೂ ಅವನ ಸ್ಕೂಟರಿನ ಹಿಂದೆ ಕೂತು ಹೋಗಿದ್ದೆ. ಇದು ನಿಜವಾದ ಅಜ್ಜಿ ಅಲ್ಲ, ಫೋನಿನ ಅಜ್ಜಿ, ಪರದೇಶದವರು ಮಾಡಿದ ಗೊಂಬೆ ಎಂದು ಬಾಯಿ ಒಣಗುವವರೆಗೆ ವಿವರಿಸಿದ. ಗುರಿಕಾರರು ಮರಳಿನ ಮೇಲೆ ಕೂತು ಎಲ್ಲವನ್ನೂ ಕೇಳಿದರು. ಗೊಂಬೆಯಾದರೂ ಬಲೆ ಹೊಲಿಯುತ್ತಿದ್ದಳೇ ಎಂದು ಕೇಳಿದರು. ಹೌದು ಎಂದ. ಹೋದದ್ದು ಕಡಲಿನಲ್ಲಿಯೇ ಎಂದು ಕೇಳಿದರು. ಅದಕ್ಕೂ ಹೌದು ಎಂದ.

“ಹಂಗಾರೆ ನಮ್ಮವ್ಳೇ,” ಎಂದರು ಗುರಿಕಾರರು. “ಎಳ್ದ್ ದೋಣಿ ಇವತ್ ಇಳ್ಸೂಕಾಗ.”

ಅವತ್ತು ಕೋಟೇಶ್ವರದ ಪೇಟೆಗೆ ನಮ್ಮ ಬದಿಯ ಮೀನು ಬರಲಿಲ್ಲ. ನನ್ನ ಮನೆಯಲ್ಲಿ ಸೌತೆಕಾಯಿ ಹುಳಿ ಮಾಡಿದರು.  ದಂಡೆಯಿಂದ ಹಿಂದೆ ಬರುವಾಗ ಸುಧಾಕರ, ಹೇಗೂ ಊರೇ ಶೋಕದಲ್ಲಿದೆ, ಒಂದು ಶ್ರದ್ಧಾಂಜಲಿ ಸಭೆ ಇಡೋಣ, ಹಳೆಯ ಫ್ಲೆಕ್ಸಿನಲ್ಲಿ ವಿಜಯೋತ್ಸವ ತೆಗೆದು ಶ್ರದ್ಧಾಂಜಲಿ ಎಂದು ಹಾಕಿದರಾಯಿತು, ತನ್ನ ಫೋಟೋ ಅದೇ ಇರಲಿ ಎಂದ.

ಅಕ್ಷರ ಬದಲಿಸುವವಳು ಕೆಲಸಕ್ಕೆ ಬಂದಿರಲಿಲ್ಲ. ಮಧ್ಯಾಹ್ನ ನಾನೇ ಬೀಜಾಡಿಗೆ ಹೋದೆ. ಜಲಜಕ್ಕನ ಬುಟ್ಟಿ ಜಗಲಿಯಲ್ಲಿ ಕವುಚಿ ಬಿದ್ದಿತ್ತು. ಅಮ್ಮ, ಮಗಳು ಗೋಡೆಗೆ ಒರಗಿ ಕೂತಿದ್ದರು. ಇಬ್ಬರೂ ಅತ್ತು ಮುಗಿಸಿದ್ದರೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ನಮ್ಮ ಮನೆಯ ಮಾತನ್ನು ಹೊರಗೆ ಹಾಕಿದೆ ಎಂದು ಅಮ್ಮ ಬೈಯುತ್ತಾರೆಂದು ದಿವ್ಯಾ ಹೆದರಿದ್ದಳಂತೆ. ಬೈದಿರಲಿಲ್ಲ. ಎಲ್ಲರ ಫೋನಿನಲ್ಲಿಯೂ ಅಜ್ಜಿಯ ಗೊಂಬೆಯನ್ನು ಕಂಪನಿಯವರು ಬೂದು ಬಣ್ಣ ಮಾಡಿಬಿಟ್ಟಿದ್ದರು. ದಿವ್ಯಾ ಹೊಸ ಅಪ್‌ಡೇಟ್ ಹಾಕಿಕೊಂಡಿರಲಿಲ್ಲ, ಅವಳ ಫೋನಿನಲ್ಲಿ ಇನ್ನೂ ಇದ್ದಳು. ಜಲಜಕ್ಕ ಅದನ್ನು ತೋರಿಸು ಎಂದರು. ಅಜ್ಜಿ ಇಂಗ್ಲಿಷಿನಲ್ಲಿ ಗದರಿದಳು. ಎಂತ ಹೇಳಿದ್ದು ಎಂದು ಕೇಳಿದರು. ಗಾಳಿ ನೋಡಿದ್ಯಾ, ಉಂಡ್ಯಾ, ಯಾವಾಗ ಬರ್ತೀ ಎಂದು ಮಗಳು ಬಿಡಿಸಿ ಹೇಳಿದಳು. ಇನ್ನೊಮ್ಮೆ ಹೇಳಿಸು ಎಂದರು. ಮತ್ತೆ ಕೇಳಿದರು.

“ಬೈಸ್ಕಂಡ್ರೂ ಅಡ್ಡಿಲ್ಲೆ,” ಎಂದರು ಜಲಜಕ್ಕ. “ನಾನೂ ಕರೂಕಿತ್ತ್.”

ತಾನೂ ಅವತ್ತು ಕರೆಯಬೇಕಿತ್ತು ಎಂದು ಅವರು ಹೇಳಿದ್ದು ನನಗಲ್ಲ, ದಿವ್ಯಾಳಿಗೂ ಅಲ್ಲ. ದಿವ್ಯಾ ಅಮ್ಮನ ಕೈ ಹಿಡಿದುಕೊಂಡಳು. ನಾನು ಅಂಗಳದ ತೆಂಗಿನ ಮರ ನೋಡಿದೆ. ಆ ಹೊತ್ತಿಗೇ ಫೋನು ಟಿಂಗ್ ಎಂದಿತು. ಆತ್ಮೀಯ ನಾವಿಕರೇ, ತಮ್ಮ ಹಡಗಿನ ಒಬ್ಬ ಸದಸ್ಯರೂ ಇಂದು ಹಾಜರಾಗಿಲ್ಲ, ಇದುವರೆಗಿನ ಉಪ್ಪು ನಷ್ಟವಾಗುವ ಸಂಭವವಿದೆ, ದಯವಿಟ್ಟು ಕೂಡಲೆ ಕಡಲಿಗೆ ಇಳಿಯಿರಿ. ದಿವ್ಯಾ ಓದಿ ಹೇಳಿದಳು.

“ಇವತ್ ಯಾರೂ ಕಡ್ಲಿಗ್ ಇಳೂದಿಲ್ಲೆ ಅಂದ್ ಹೇಳ್ ಅದಕ್ಕೆ,” ಎಂದರು ಜಲಜಕ್ಕ.

ದಿವ್ಯಾ ಫೋನು ಆರಿಸಿ ಕವುಚಿದ ಬುಟ್ಟಿಯ ಮೇಲೆ ಇಟ್ಟಳು. ಐದನೇ ಭಾಗ ಬೇಡ, ನಾಲ್ಕನೆಯದರಲ್ಲಿ ಅಜ್ಜಿ ಇದ್ದಾಳಲ್ಲ, ಅಂಗಡಿಗೆ ಬಂದು ಅದನ್ನೇ ಆಡುತ್ತೇನೆ ಎಂದಳು. ಆಡು ಎಂದೆ. ಸುಧಾಕರನ ಫ್ಲೆಕ್ಸ್ ನಾನು ಮಾಡಿಕೊಡುವುದಿಲ್ಲ ಎಂದೂ ಹೇಳಿ ಎದ್ದೆ. ಅಂಗಳ ದಾಟಿ ರಸ್ತೆಯ ಕಡೆ ತಿರುಗಿದ್ದೆ, ಹೆದ್ದಾರಿಯಲ್ಲಿ ಮಂಜನ ಬಸ್ಸು ಹಾರನ್ ಹೊಡೆಯುವುದು ಇಲ್ಲಿಯವರೆಗೂ ಕೇಳುತ್ತಿತ್ತು.

“ಗೋಪೀ,” ಎಂದು ಜಲಜಕ್ಕ ಹಿಂದಿನಿಂದ ಕರೆದರು. “ರೋಡ್ ದಾಟೂವಾಗ ಎರ್ಡೂ ಬದಿ ಕಂಡ್ಕಂಡ್ ಹೋಗ್. ಉಂಡ್ಯಾ ಇಲ್ಯಾ ನೀನ್?”

ನಾನು ನಿಂತು, ತಿರುಗಿ, ಇಲ್ಲ ಎಂದೆ.